ಅಮ್ಮನಿಲ್ಲದ ಬೇನೆ: ಪೋಲಿಯೊ ನಿರ್ಮೂಲನೆಯಲ್ಲಿ ರೋಟರಿ ಸೇವೆ ಮತ್ತು ಜನಪದ ಆರೋಗ್ಯ ಕಲ್ಪನೆ

ಪ್ರಸ್ತಾವನೆ

ರೋಗಗಳನ್ನು ಕುರಿತ ಜನಪದ ತಿಳಿವಳಿಕೆಯನ್ನು ಬಹುಕಾಲ ನಂಬಿಕೆ ಮತ್ತು ಮನೆಮದ್ದುಗಳ ಪಟ್ಟಿಯಾಗಿ ಸಂಗ್ರಹಿಸಲಾಗಿದೆ. ಆದರೆ ಬೇನೆಯೊಂದು ಯಾರದು, ಅದರ ಹೊಣೆಯನ್ನು ಯಾರು ಹೊರಬೇಕು ಎಂಬುದನ್ನು ಸಮುದಾಯವು ತೀರ್ಮಾನಿಸುವುದೂ ಈ ತಿಳಿವಳಿಕೆಯ ಮೂಲಕವೇ. ಕೆಲವು ಬೇನೆಗಳು ಊರಿನವು. ಅವಕ್ಕೆ ಊರೆಲ್ಲ ಸೇರಿ ಪರಿಹಾರ ಹುಡುಕುತ್ತದೆ. ಕೆಲವು ಒಂದು ಮನೆಯವು. ಅವನ್ನು ಆ ಮನೆಯವರೇ ಅನುಭವಿಸಬೇಕು. ಪೋಲಿಯೊ ಎರಡನೆಯ ಬಗೆಗೆ ಸೇರಿದ ಬೇನೆಯಾಗಿತ್ತು. ಸುಮಾರು ಎರಡು ದಶಕಗಳ ಅವಧಿಯಲ್ಲಿ ಅದು ಮೊದಲನೆಯ ಬಗೆಗೆ ಸೇರಿತು. ಈ ಬದಲಾವಣೆಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೊಂದಿಗೆ ರೋಟರಿ ಎಂಬ ಸೇವಾಸಂಸ್ಥೆಯು ವಹಿಸಿದ ಪಾತ್ರವನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೈಸೂರು ನಗರದ ವಾಯವ್ಯಕ್ಕೆ, ಕೃಷ್ಣರಾಜಸಾಗರ ರಸ್ತೆಗೆ ಹೊಂದಿಕೊಂಡಿರುವ ಮೇಟಗಳ್ಳಿಯನ್ನು ಈ ಪರಿಶೀಲನೆಯ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

ಅಮ್ಮನಿರುವ ಬೇನೆಗಳು

ಹಳೆಯ ಮೈಸೂರು ಸೀಮೆಯಲ್ಲಿ ಸಿಡುಬು, ದಡಾರ, ಸೀತಾಳೆ, ವಾಂತಿಭೇದಿಗಳು ಬರಿಯ ರೋಗಗಳಾಗಿರಲಿಲ್ಲ. ಸಿಡುಬು ಎದ್ದ ಮನೆಯಲ್ಲಿ 'ಅಮ್ಮ ಬಂದಿದ್ದಾಳೆ' ಎನ್ನುವುದು ವಾಡಿಕೆ. ಬಂದವಳು ತಾಯಿಯಾದುದರಿಂದ ಅವಳನ್ನು ಬೈಯುವಂತಿಲ್ಲ, ಹೊರಗಟ್ಟುವಂತಿಲ್ಲ. ತಂಪು ಮಾಡಿ, ಸಂತೋಷಪಡಿಸಿ ಕಳುಹಿಸಿಕೊಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ಒಗ್ಗರಣೆ ಹಾಕದಿರುವುದು, ಮೊಸರನ್ನ ಮತ್ತು ತಂಬಿಟ್ಟಿನ ಆರತಿ ಒಪ್ಪಿಸುವುದು ಇವೆಲ್ಲ ಆ ಉಪಚಾರದ ಅಂಗಗಳು. 1898ರಲ್ಲಿ ಮೈಸೂರು ಸಂಸ್ಥಾನವನ್ನು ಪ್ಲೇಗು ಹೊಕ್ಕಾಗ ಜನಪದರು ಆ ಹೊಸ ಬೇನೆಯನ್ನೂ ಇದೇ ಕುಟುಂಬಕ್ಕೆ ಸೇರಿಸಿ 'ಪ್ಲೇಗಿನಮ್ಮ'ನನ್ನು ಕಂಡುಕೊಂಡರು. ಹೆಸರು ಪರಭಾಷೆಯದು, ಕಲ್ಪನೆ ಮಾತ್ರ ನೆಲದ್ದೇ.

ಇಂತಹ ಬೇನೆಗಳಿಗೆ ಪರಿಹಾರವೂ ಊರೊಟ್ಟಿನದು. ಮಾರಿಹಬ್ಬಕ್ಕೆ ದಿನ ಗೊತ್ತುಮಾಡಿ ತಮಟೆ ಬಡಿದು ಸಾರಲಾಗುತ್ತದೆ. ಪ್ರತಿ ಮನೆಯಿಂದಲೂ ವಂತಿಕೆ ಎತ್ತಲಾಗುತ್ತದೆ. ಕುಂಬಾರ, ಮಡಿವಾಳ, ಬಡಗಿ, ಆಸಾದಿ ಮೊದಲಾದ ಎಲ್ಲ ಕಸುಬಿನವರಿಗೂ ಅದರಲ್ಲಿ ಗೊತ್ತಾದ ಕೆಲಸವುಂಟು. ಕೆಲವೆಡೆ ಊರಿನ ಜನ ದನಕರುಗಳೊಡನೆ ಒಂದು ಹಗಲು ಮನೆ ತೊರೆದು ಹೊರಗುಳಿಯುವ 'ಹೊರಬೀಡು' ಆಚರಣೆಯಿದೆ. ಮಾರಿಯನ್ನು ಮೊರದಲ್ಲಿಟ್ಟು ಊರಗಡಿ ದಾಟಿಸುವ ಪದ್ಧತಿಯೂ ಇದೆ. ಈ ಆಚರಣೆಗಳಿಗೆಲ್ಲ ಸಮಾನವಾದ ನಿಯಮವೊಂದಿದೆ: ಎಲ್ಲ ಮನೆಗಳೂ, ಒಂದೇ ದಿನ. ಒಂದು ಮನೆ ಹೊರಗುಳಿದರೂ ಹಬ್ಬ ಕೆಟ್ಟಿತು ಎಂಬ ಭಾವನೆ ಬಲವಾಗಿದೆ.

ಆಧುನಿಕ ಲಸಿಕೆಯೂ ಮೈಸೂರಿಗೆ ಹೊಸತಲ್ಲ. ಜೆನ್ನರನ ಸಿಡುಬು ಲಸಿಕೆ 1802ರಲ್ಲಿ ಭಾರತವನ್ನು ತಲಪಿದ ಕೆಲವೇ ವರ್ಷಗಳಲ್ಲಿ ಮೈಸೂರು ಅರಮನೆಯ ಸ್ತ್ರೀಯರು ಅದನ್ನು ಸ್ವೀಕರಿಸಿದರು. ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದನು 1805ರ ಸುಮಾರಿನಲ್ಲಿ ಚಿತ್ರಿಸಿದ ಮೂವರು ರಾಜಸ್ತ್ರೀಯರ ವರ್ಣಚಿತ್ರವು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದುದೆಂದು ಇತಿಹಾಸಕಾರರು ಅರ್ಥೈಸಿದ್ದಾರೆ. ಜನರ ನಡುವೆ ಗಣ್ಯರು ಮೊದಲು ಲಸಿಕೆ ಪಡೆದು ತೋರಿಸುವ ಪರಿಪಾಠಕ್ಕೆ ಈ ನಾಡಿನಲ್ಲಿ ಎರಡು ಶತಮಾನಗಳ ಇತಿಹಾಸವಿದೆ ಎಂಬುದು ಇಲ್ಲಿ ಗಮನಾರ್ಹ.

ಪೋಲಿಯೊ ಏಕೆ ಅಮ್ಮನಾಗಲಿಲ್ಲ?

ಇಷ್ಟೆಲ್ಲ ಬೇನೆಗಳಿಗೆ ತಾಯಿಯರನ್ನು ಕಲ್ಪಿಸಿದ ಜನಪದ ಮನಸ್ಸು ಪೋಲಿಯೊವಿಗೆ ಹೆಸರಾಂತ ದೇವತೆಯೊಬ್ಬಳನ್ನು ಕಲ್ಪಿಸಲಿಲ್ಲ. ಇದರ ಕಾರಣವನ್ನು ರೋಗದ ಸ್ವಭಾವದಲ್ಲಿಯೇ ಹುಡುಕಬಹುದು. ಪೋಲಿಯೊ ವೈರಾಣು ಮಲದಿಂದ ಕಲುಷಿತವಾದ ನೀರು, ಆಹಾರ, ಕೈಗಳ ಮೂಲಕ ಬಾಯಿಯನ್ನು ಸೇರಿ ಕರುಳಿನಲ್ಲಿ ಬೆಳೆಯುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಿಗೆ ಸಾಧಾರಣ ಜ್ವರ ಬಂದು ಹೋಗುತ್ತದೆ. ಸರಿಸುಮಾರು 200 ಸೋಂಕುಗಳಲ್ಲಿ ಒಂದು ಮಾತ್ರ ಶಾಶ್ವತವಾದ ಪಾರ್ಶ್ವವಾಯುವಿನಲ್ಲಿ ಕೊನೆಗೊಳ್ಳುತ್ತದೆ. ಹಾಗೆ ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ನೂರಕ್ಕೆ 5ರಿಂದ 10 ಮಂದಿ ಉಸಿರಾಟದ ಸ್ನಾಯುಗಳು ಸೋತು ಸಾಯುತ್ತಾರೆ.

ಎಂದರೆ, ವೈರಾಣು ಊರನ್ನೆಲ್ಲ ಸುತ್ತಿದರೂ ಊರಿನ ಕಣ್ಣಿಗೆ ಬೀಳುವುದು ಒಂದು ಮನೆಯ ಒಂದು ಮಗು. ಮೈಮೇಲೆ ಗುಳ್ಳೆಯಿಲ್ಲ, ಬೀದಿಯಲ್ಲಿ ಸಾಲು ಹೆಣಗಳಿಲ್ಲ. ನಿನ್ನೆ ಓಡಾಡುತ್ತಿದ್ದ ಮಗುವಿಗೆ ಜ್ವರ ಬಂದು ಬಿಟ್ಟಿತು, ಕಾಲು ಮಾತ್ರ ಏಳಲಿಲ್ಲ. ಊರಿಗೆ ಬಂದ ಆಪತ್ತು ಎನ್ನಲು ಇಲ್ಲಿ ಯಾವ ಗುರುತೂ ಇರಲಿಲ್ಲ. ಆದುದರಿಂದ ಕಾರಣವನ್ನು ಆ ಮನೆಯೊಳಗೇ ಹುಡುಕಲಾಯಿತು: ಗಾಳಿ ಸೋಕಿದೆ, ದೃಷ್ಟಿ ತಗುಲಿದೆ, ಬಸುರಿನಲ್ಲಿ ಗ್ರಹಣ ಕಂಡಿದ್ದಾಳೆ, ಹಿಂದಿನ ಜನ್ಮದ ಕರ್ಮ. ಇವುಗಳಲ್ಲಿ ಹಲವು ವಿವರಣೆಗಳು ತಾಯಿಯನ್ನೇ ತಪ್ಪಿತಸ್ಥಳನ್ನಾಗಿ ಮಾಡುವಂಥವು. ಜ್ವರಕ್ಕೆಂದು ಹಾಕಿಸಿದ ಸೂಜಿಯಿಂದಲೇ ಕಾಲು ಹೋಯಿತು ಎಂಬ ಮಾತು ಮಾತ್ರ ಬರಿಯ ಮೂಢನಂಬಿಕೆಯಲ್ಲ. ಸೋಂಕಿರುವಾಗ ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೆ ಆ ಅಂಗದ ಪಾರ್ಶ್ವವಾಯುವಿನ ಸಂಭವ ಹೆಚ್ಚುತ್ತದೆ ಎಂಬುದನ್ನು ವೈದ್ಯವಿಜ್ಞಾನವೂ ಒಪ್ಪಿದೆ. ಜನರ ಅವಲೋಕನಕ್ಕೆ ಇಲ್ಲಿ ಆಧಾರವಿತ್ತು.

ಕಾರಣವು ಮನೆಯದಾದುದರಿಂದ ಪರಿಹಾರವೂ ಮನೆಯದಾಯಿತು. ಎಣ್ಣೆ ಹಚ್ಚಿ ನೀವುವುದು, ತಾಯಿತ ಕಟ್ಟಿಸುವುದು, ದೇವಾಲಯಕ್ಕೆ ಬೆಳ್ಳಿಯ ಕೈಕಾಲುಗಳನ್ನು ಹರಕೆಯಾಗಿ ಒಪ್ಪಿಸುವುದು ಇವೆಲ್ಲ ಏಕಾಂತದ ಪ್ರಯತ್ನಗಳು. ಮೈಸೂರು ಭಾಗದವರಿಗೆ ಇಂತಹ ಹರಕೆಗೆ ಹತ್ತಿರದ ನೆಲೆಯೆಂದರೆ 'ಹಕೀಂ ನಂಜುಂಡ'ನೆಂದು ಹೆಸರಾದ ನಂಜನಗೂಡಿನ ಶ್ರೀಕಂಠೇಶ್ವರ. ಸಿಡುಬಿಗೆ ಹಬ್ಬವಿತ್ತು, ಪೋಲಿಯೊವಿಗೆ ಹರಕೆಯಷ್ಟೇ ಇತ್ತು. ಲಸಿಕಾ ಕಾರ್ಯಕ್ರಮವು ಎದುರಿಸಬೇಕಾಗಿದ್ದುದು ಈ ಏಕಾಂತವನ್ನು.

ರೋಟರಿಯ ಪ್ರವೇಶ

ರೋಟರಿ ಸಂಸ್ಥೆಯನ್ನು ಪಾಲ್ ಹ್ಯಾರಿಸ್ ಎಂಬ ವಕೀಲರು 1905ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಸ್ಥಾಪಿಸಿದರು. ವೃತ್ತಿನಿರತರೂ ವ್ಯಾಪಾರಿಗಳೂ ವಾರಕ್ಕೊಮ್ಮೆ ಕೂಡುವ ಈ ಕ್ಲಬ್ಬುಗಳು ಭಾರತದ ನಗರಗಳಲ್ಲಿ ಶಾಲೆ, ರಕ್ತದಾನ, ನೇತ್ರಚಿಕಿತ್ಸಾ ಶಿಬಿರಗಳ ಮೂಲಕ ಪರಿಚಿತವಾಗಿವೆ. ಮೈಸೂರಿನ ಕ್ಲಬ್ಬುಗಳು ರೋಟರಿಯ ಆಡಳಿತ ವಿಭಾಗಗಳಲ್ಲಿ ಮೊದಲು 3180ನೆಯ ಜಿಲ್ಲೆಗೆ ಸೇರಿದ್ದು, ಅದರ ವಿಭಜನೆಯ ಅನಂತರ ಕೊಡಗು, ಚಾಮರಾಜನಗರ, ದಕ್ಷಿಣ ಕನ್ನಡಗಳೊಂದಿಗೆ 3181ನೆಯ ಜಿಲ್ಲೆಗೆ ಸೇರಿವೆ.

ಪೋಲಿಯೊ ಕಾರ್ಯದಲ್ಲಿ ರೋಟರಿಯ ಮೊದಲ ದೊಡ್ಡ ಹೆಜ್ಜೆ 1979ರಲ್ಲಿ ಫಿಲಿಪ್ಪೀನ್ಸ್ ದೇಶದ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ಯೋಜನೆ. 1985ರಲ್ಲಿ 'ಪೋಲಿಯೊ ಪ್ಲಸ್' ಎಂಬ ಹೆಸರಿನಲ್ಲಿ ಜಾಗತಿಕ ಕಾರ್ಯಕ್ರಮವನ್ನು ಸಂಸ್ಥೆಯು ಕೈಗೊಂಡಿತು. 12 ಕೋಟಿ ಡಾಲರ್ ಸಂಗ್ರಹಿಸುವ ಗುರಿಯಿತ್ತು. 1988ರ ಹೊತ್ತಿಗೆ 24.7 ಕೋಟಿ ಡಾಲರ್ ಕೂಡಿತು. ಅದೇ ವರ್ಷ ವಿಶ್ವ ಆರೋಗ್ಯ ಸಮ್ಮೇಳನವು ಪೋಲಿಯೊ ನಿರ್ಮೂಲನೆಯ ನಿರ್ಣಯ ಕೈಗೊಂಡಿತು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ಸಾಲಿನಲ್ಲಿ ರೋಟರಿಯೂ ಪಾಲುದಾರನಾಗಿ ನಿಂತಿತು. ಇದುವರೆಗೆ ಸಂಸ್ಥೆಯು ಈ ಕಾರ್ಯಕ್ಕೆ ನೀಡಿರುವ ಹಣ 200 ಕೋಟಿ ಡಾಲರಿಗೂ ಹೆಚ್ಚು.

ಭಾರತದಲ್ಲಿ ವೆಚ್ಚದ ಬಹುಭಾಗವನ್ನು ಹೊತ್ತುದು ಕೇಂದ್ರ ಸರ್ಕಾರವೇ. ಕ್ಲಬ್ಬುಗಳ ಪಾಲು ಬೇರೊಂದು ಬಗೆಯದು. ಲಸಿಕಾ ಕೇಂದ್ರಗಳಿಗೆ ಬ್ಯಾನರು, ಮಕ್ಕಳಿಗೆ ಟೋಪಿ ಮತ್ತು ಪೀಪಿ, ಕಾರ್ಯಕರ್ತೆಯರಿಗೆ ಊಟ ತಿಂಡಿ, ಲಸಿಕೆ ಸಾಗಿಸಲು ಸದಸ್ಯರ ವಾಹನ, ಶಾಲಾಮಕ್ಕಳ ಜಾಥಾ, ಆಟೊದಲ್ಲಿ ಧ್ವನಿವರ್ಧಕದ ಪ್ರಚಾರ ಇತ್ಯಾದಿ. ಬೇನೆಗೆ ಈಗಾಗಲೇ ತುತ್ತಾದವರಿಗೆ ಶಸ್ತ್ರಚಿಕಿತ್ಸೆ ಮತ್ತು ಕ್ಯಾಲಿಪರ್ ವಿತರಣೆಯ ಶಿಬಿರಗಳನ್ನೂ ನಡೆಸಲಾಯಿತು. ವೈದ್ಯಕೀಯ ದೃಷ್ಟಿಗೆ ಟೋಪಿ, ಪೀಪಿಗಳು ಕ್ಷುಲ್ಲಕವಾಗಿ ತೋರಬಹುದು. ಜಾನಪದದ ದೃಷ್ಟಿಗೆ ಹಾಗಲ್ಲ. ಹಬ್ಬಕ್ಕೆ ವಂತಿಕೆ, ಸಾರುವಿಕೆ, ಅಲಂಕಾರ, ಊಟ ಇರಲೇಬೇಕು. ಇಲಾಖೆಯ ಆದೇಶದಿಂದ ಬರಲಾರದ ಈ ಅಂಗಗಳನ್ನು ಒದಗಿಸಿದ್ದು ಸೇವಾಸಂಸ್ಥೆಗಳು.

ಒಂದು ದಿನದ ಕಟ್ಟು

ಪಲ್ಸ್ ಪೋಲಿಯೊ ಎಂಬ ವಿಧಾನದ ತಿರುಳೂ 'ಎಲ್ಲ ಮನೆಗಳು, ಒಂದೇ ದಿನ' ಎಂಬುದೇ. ಬಾಯಿಯ ಮೂಲಕ ಕೊಡುವ ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಾಣು. ಒಂದು ಪ್ರದೇಶದ ಎಲ್ಲ ಮಕ್ಕಳ ಕರುಳಿನಲ್ಲಿ ಅದು ಏಕಕಾಲಕ್ಕೆ ನೆಲೆಸಿದರೆ ಕಾಡು ವೈರಾಣುವಿಗೆ ಬೆಳೆಯಲು ಎಡೆ ಸಿಗುವುದಿಲ್ಲ. ಮಕ್ಕಳಿಗೆ ಅವರವರ ಹುಟ್ಟಿದ ದಿನವನ್ನು ನೋಡಿ ಬೇರೆ ಬೇರೆಯಾಗಿ ಹಾಕಿದರೆ ಈ ಫಲ ಪೂರ್ಣವಾಗಿ ದೊರೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣುತಜ್ಞ ಡಾ. ಟಿ. ಜೇಕಬ್ ಜಾನ್ ಅವರು ಭಾರತದಲ್ಲಿ ಈ ವಿಧಾನವನ್ನು ಬಹು ಮೊದಲೇ ಪ್ರತಿಪಾದಿಸಿದವರು. 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ, 1995ರ ಡಿಸೆಂಬರ್ 9ರಂದು ದೇಶದಾದ್ಯಂತ ಇದು ಆರಂಭವಾಯಿತು. ಮೊದಲ ವರ್ಷ 3 ವರ್ಷದೊಳಗಿನ ಮಕ್ಕಳಿಗೆ, ಅನಂತರ 5 ವರ್ಷದೊಳಗಿನ ಎಲ್ಲರಿಗೂ ಹನಿ ಹಾಕಲಾಯಿತು. ಮುಂದಿನ ವರ್ಷಗಳಲ್ಲಿ ಒಂದೊಂದು ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ ಲಸಿಕೆ ತಲಪುತ್ತಿತ್ತು.

ಇದಕ್ಕಾಗಿ ಭಾನುವಾರವನ್ನು ಆಯ್ದುಕೊಳ್ಳಲಾಯಿತು. ಅಂಗನವಾಡಿ, ಶಾಲೆ, ದೇವಸ್ಥಾನದ ಜಗುಲಿ, ಬಸ್ ನಿಲ್ದಾಣಗಳು ಕೇಂದ್ರಗಳಾದವು. ಲಸಿಕಾ ಸೀಸೆಯ ಮೇಲಿನ ಸಣ್ಣ ಚೌಕವು ಬಿಸಿ ತಗುಲಿದಂತೆ ಬಣ್ಣ ಬದಲಾಯಿಸಿ, ಮದ್ದು ಕೆಟ್ಟಿದೆಯೇ ಎಂಬುದನ್ನು ಅಕ್ಷರ ಬಲ್ಲ ಯಾವ ಕಾರ್ಯಕರ್ತೆಗೂ ತಿಳಿಸುತ್ತಿತ್ತು. ಹನಿ ಪಡೆದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕಲಾಯಿತು. ಮುಂದಿನ ದಿನಗಳಲ್ಲಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಗೆ 'ಪಿ' ಎಂದೂ ಯಾವುದಾದರೂ ಮಗು ಉಳಿದಿದ್ದರೆ 'ಎಕ್ಸ್' ಎಂದೂ ಸೀಮೆಸುಣ್ಣದಿಂದ ಬರೆದರು.

ಬಾಗಿಲ ಮೇಲಿನ ಬರಹಕ್ಕೆ ಈ ನಾಡಿನಲ್ಲಿ ಬೇರೊಂದು ಅರ್ಥವೂ ಇತ್ತು. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಅನೇಕ ಊರುಗಳಲ್ಲಿ, ರಾತ್ರಿ ಬಂದು ಹೆಸರು ಹಿಡಿದು ಕೂಗುವ ಮಾರಿಯನ್ನು ಹಿಂದಿರುಗಿಸಲೆಂದು ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅದೇ ದಶಕದ ಕೊನೆಯಲ್ಲಿ ಮನೆಮನೆ ಭೇಟಿಯ ಗುರುತು ಬಾಗಿಲುಗಳನ್ನು ಸೇರಿತು. ಒಂದು ಬರಹವು ಬರುವವಳನ್ನು ತಡೆಯಿತು. ಇನ್ನೊಂದು, ಬರಬೇಕಾದವಳು ಬಂದುಹೋದಳೆಂದು ಸಾರಿತು. ರಕ್ಷಣೆಯ ಗುರುತನ್ನು ಹೊಸ್ತಿಲಲ್ಲಿ ಇಡುವುದು ಜನರಿಗೆ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮೇಟಗಳ್ಳಿಯಂಥ ಊರಿನಲ್ಲಿ

ಹಳ್ಳಿಯೊಂದು ನಗರದೊಳಗೆ ಸೇರಿಹೋದ ಬಗೆಯನ್ನು ಮೇಟಗಳ್ಳಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಮೀಪದ ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲುಗಳ ಹೆಸರುಗಳು ಹಿಂದಿನ ಗ್ರಾಮಜೀವನವನ್ನು ಇಂದಿಗೂ ನೆನಪಿಸುತ್ತವೆ. ಕೃಷ್ಣರಾಜಸಾಗರ ರಸ್ತೆಯ ಉದ್ದಕ್ಕೂ ಟೈರು ತಯಾರಿಕೆಯ ದೊಡ್ಡ ಕಾರ್ಖಾನೆಗಳು, ಹೆಬ್ಬಾಳದ ಕಡೆಗೆ ಕೈಗಾರಿಕಾ ಪ್ರದೇಶ, ಹೊಸ ಬಡಾವಣೆಗಳು ಇಲ್ಲಿನ ಬದುಕನ್ನು ಬದಲಿಸಿದವು. ಇದೇ ರಸ್ತೆಯಲ್ಲಿ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕ್ಷಯರೋಗ ಆರೋಗ್ಯಧಾಮವಿದೆ. ಅಂಟುವ ಬೇನೆಯವರನ್ನು ಊರ ಹೊರಗೆ ಇಟ್ಟು ಆರೈಕೆ ಮಾಡಬೇಕೆಂಬ ಕಾಲದ ಕಟ್ಟಡವದು. ಆ 'ಊರ ಹೊರಗು' ಇಂದು ನಗರದ ನಡುವೆ ಬಂದಿದೆ.

ಇಂತಹ ಊರಿನಲ್ಲಿ ಲಸಿಕಾ ಕಾರ್ಯವು ಮೂರು ಬಗೆಯ ಮನೆಗಳನ್ನು ತಲಪಬೇಕಾಗುತ್ತದೆ. ಮೊದಲನೆಯದು ಹಳೆಯ ಊರುಕೇರಿಯ ಮನೆಗಳು. ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಗೊತ್ತು. ಅಂಗನವಾಡಿ ಕಾರ್ಯಕರ್ತೆ ಕೂಗಿದರೆ ಸಾಕು. ಎರಡನೆಯದು ಬಡಾವಣೆಯ ಮನೆಗಳು. ಖಾಸಗಿ ವೈದ್ಯರಲ್ಲಿ ಲಸಿಕೆ ಹಾಕಿಸಿರುವ ಇಲ್ಲಿನವರು ಸಾರ್ವಜನಿಕ ಕೇಂದ್ರಕ್ಕೆ ಮತ್ತೆ ಬರಬೇಕೇಕೆ ಎಂದು ಕೇಳುವುದುಂಟು. ಮೂರನೆಯದು ಕಟ್ಟಡ ಕೆಲಸದ ಶೆಡ್ಡುಗಳು ಮತ್ತು ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ಬಿಡಾರಗಳು. ಇಂದಿದ್ದವರು ನಾಳೆ ಇಲ್ಲ. ಯಾವ ಪಟ್ಟಿಯಲ್ಲಿಯೂ ಹೆಸರಿರುವುದಿಲ್ಲ.

ಎರಡನೆಯ ವರ್ಗವನ್ನು ಕೇಂದ್ರಕ್ಕೆ ಕರೆತರುವಲ್ಲಿ ರೋಟರಿಯಂತಹ ಸಂಸ್ಥೆಯ ಉಪಸ್ಥಿತಿಗೆ ವಿಶೇಷ ಬೆಲೆಯಿದೆ. ವೈದ್ಯರು, ವಕೀಲರು, ಉದ್ಯಮಿಗಳು, ಕಾರ್ಖಾನೆಯ ಅಧಿಕಾರಿಗಳು ತಮ್ಮ ಮನೆಯ ಮಕ್ಕಳನ್ನು ಅಂಗನವಾಡಿಯ ಮುಂದಿನ ಸಾಲಿನಲ್ಲಿ ನಿಲ್ಲಿಸಿದಾಗ, ಅದು ಬಡವರ ಮದ್ದು ಎಂಬ ಭಾವನೆ ಸಡಿಲವಾಗುತ್ತದೆ. ಎರಡು ಶತಮಾನಗಳ ಹಿಂದೆ ಅರಮನೆಯ ಸ್ತ್ರೀಯರು ಮಾಡಿದ್ದು ಇದೇ ಕೆಲಸವನ್ನು. ಆದರೆ ಮೂರನೆಯ ವರ್ಗವನ್ನು ತಲಪಿದುದು ಕಾಲ್ನಡಿಗೆಯ ದುಡಿಮೆಯಿಂದ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ಹರಡಿದ್ದ ದಿನಗಳಲ್ಲಿ ಅಲ್ಲಿಂದ ದುಡಿಯಲು ಹೊರಟವರ ಜೊತೆಯಲ್ಲಿ ಮಾತೂ ವೈರಾಣುವೂ ಪಯಣಿಸಬಹುದಾಗಿತ್ತು. ಒಮ್ಮೆ ಹತೋಟಿಗೆ ಬಂದಂತಿದ್ದ ಕರ್ನಾಟಕದಲ್ಲಿ 2003ರಲ್ಲಿ ಪೋಲಿಯೊ ಮತ್ತೆ ತಲೆಯೆತ್ತಿದ್ದು ಈ ಎಚ್ಚರವನ್ನು ಅನಿವಾರ್ಯಗೊಳಿಸಿತು. ರೈಲು ನಿಲ್ದಾಣ, ಬಸ್ ನಿಲ್ದಾಣ, ಜಾತ್ರೆಗಳಲ್ಲಿ ಸಂಚಾರಿ ತಂಡಗಳು ನಿಂತದ್ದು ಇದಕ್ಕಾಗಿಯೇ.

ಮಾತಿನ ಸಾಕ್ಷ್ಯ

ಜನರು ಲಸಿಕೆಯನ್ನು ಎಷ್ಟರಮಟ್ಟಿಗೆ ತಮ್ಮದಾಗಿಸಿಕೊಂಡರು ಎಂಬುದಕ್ಕೆ ಅಂಕಿಅಂಶಗಳಿಗಿಂತ ಭಿನ್ನವಾದ ಸಾಕ್ಷ್ಯವೊಂದು ಆಡುಮಾತಿನಲ್ಲಿದೆ. ಹಳೆಯ ಕನ್ನಡ ವಾಡಿಕೆಯಲ್ಲಿ ಸಿಡುಬಿಗೆ 'ಮೈಲಿ' ಎಂಬ ಹೆಸರಿತ್ತು. ಸಿಡುಬಿನ ಲಸಿಕೆ ಹಾಕುವುದಕ್ಕೂ 'ಮೈಲಿ ಹಾಕುವುದು' ಎನ್ನುತ್ತಿದ್ದರು. ಬೇನೆಯ ಹೆಸರೇ ಮದ್ದಿನ ಹೆಸರಾಯಿತು. ಸರಿಯಾಗಿ ಇದೇ ಕ್ರಮದಲ್ಲಿ, ಇಂದು ತಾಯಂದಿರು ಪರಸ್ಪರ ಕೇಳಿಕೊಳ್ಳುವುದು 'ಮಗುವಿಗೆ ಪೋಲಿಯೊ ಹಾಕಿಸಿದೆಯಾ?' ಎಂದೇ. ಆರೋಗ್ಯ ಇಲಾಖೆಯ ಬರಹಗಳಲ್ಲಿ 'ಪೋಲಿಯೊ ಲಸಿಕೆ' ಎಂದಿದ್ದರೂ ಜನರ ಬಾಯಲ್ಲಿ 'ಲಸಿಕೆ' ಉದುರಿಹೋಗಿದೆ. 'ಪೋಲಿಯೊ' ಎಂದರೆ ಕಾಲನ್ನು ಕಸಿದ ಬೇನೆಯಲ್ಲ, ಭಾನುವಾರದ ಎರಡು ಹನಿ.

ಈ ಅರ್ಥಾಂತರದಲ್ಲಿ ಗೆಲುವೂ ಇದೆ, ಅಪಾಯವೂ ಇದೆ. ಬೇನೆಯ ಭಯ ಮಾತಿನಿಂದ ಅಳಿದುದು ಗೆಲುವು. ಭಾರತದಲ್ಲಿ 2009ರಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು ಕಂಡುಬಂದ ಆ ಪ್ರಕರಣವೇ ದೇಶದಲ್ಲಿ ಕಾಡು ವೈರಾಣುವಿನ ಕೊನೆಯದು. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಲಾಯಿತು. ಇಂದಿನ ಎಳೆಯ ತಾಯಂದಿರಲ್ಲಿ ಅನೇಕರು ಪೋಲಿಯೊ ತಗುಲಿದ ಮಗುವನ್ನು ಕಂಡವರೇ ಅಲ್ಲ. ಅಪಾಯವಿರುವುದು ಅಲ್ಲಿಯೇ. ಕಾಡು ವೈರಾಣು ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಇನ್ನೂ ಬೇರೂರಿದೆ. ಲಸಿಕೆ ಸಾಕಷ್ಟು ತಲಪದ ಕಡೆ ಲಸಿಕೆಯ ವೈರಾಣುವೇ ರೂಪಾಂತರಗೊಂಡು ರೋಗ ತರಬಲ್ಲದು. 2024ರಲ್ಲಿ ಮೇಘಾಲಯದಲ್ಲಿ ಲಸಿಕೆಜನ್ಯ ವೈರಾಣುವಿನ ಪ್ರಕರಣವೊಂದು ವರದಿಯಾಯಿತು. ಈ ಕಾರಣದಿಂದ ಭಾರತವು 2015ರ ನವೆಂಬರಿನಿಂದ ನಿಷ್ಕ್ರಿಯ ವೈರಾಣುವಿನ ಚುಚ್ಚುಮದ್ದನ್ನು ಹನಿಯ ಜೊತೆಗೆ ಸೇರಿಸಿತು, 2016ರ ಏಪ್ರಿಲಿನಲ್ಲಿ ಹನಿಯಿಂದ ಎರಡನೆಯ ಮಾದರಿಯ ವೈರಾಣುವನ್ನು ಕೈಬಿಟ್ಟಿತು.

ಸೇವೆಯ ದಾಖಲೆ ಮತ್ತು ಉಳಿದ ಕೆಲಸ

ಸೇವಾಸಂಸ್ಥೆಗಳ ಕಾರ್ಯವನ್ನು ಅಳೆಯುವಾಗ ದಾಖಲೆಯ ಸ್ವರೂಪವನ್ನೂ ಗಮನಿಸಬೇಕು. ಕ್ಲಬ್ಬುಗಳು ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಛಾಯಾಚಿತ್ರಗಳನ್ನು ಕಾಪಾಡುತ್ತವೆ. ಅವುಗಳಲ್ಲಿ ಅಧ್ಯಕ್ಷರೂ ಮುಖ್ಯ ಅತಿಥಿಗಳೂ ಮೊದಲ ಹನಿ ಹಾಕುತ್ತಿರುವ ದೃಶ್ಯಗಳಿರುತ್ತವೆ. ಆ ಬಳಿಕದ ನೂರಾರು ಹನಿಗಳನ್ನು ಹಾಕಿದ ಅಂಗನವಾಡಿ ಕಾರ್ಯಕರ್ತೆ, ಕಿರಿಯ ಆರೋಗ್ಯ ಸಹಾಯಕಿ, ಮುಂದೆ ಬಂದ ಆಶಾ ಕಾರ್ಯಕರ್ತೆಯರ ದುಡಿಮೆಯ ಗುರುತು ಸೀಮೆಸುಣ್ಣದ್ದು; ಒಂದು ಮಳೆಗೆ ಅಳಿಸಿಹೋಗುವಂಥದು. ಒಂದು ರಾಷ್ಟ್ರೀಯ ಸುತ್ತಿಗೆ ಸುಮಾರು 24 ಲಕ್ಷ ಲಸಿಕಾ ಕಾರ್ಯಕರ್ತರು ಬೇಕಾಗುತ್ತಿದ್ದರು ಎಂಬುದನ್ನು ನೆನೆದರೆ ಈ ಅಂತರದ ಪ್ರಮಾಣ ತಿಳಿಯುತ್ತದೆ. ಇದು ಸಂಸ್ಥೆಗಳ ಮೇಲಿನ ಆಕ್ಷೇಪವಲ್ಲ. ಮಾರಿಹಬ್ಬದ ಲೆಕ್ಕದಲ್ಲಿಯೂ ವಂತಿಕೆ ಕೊಟ್ಟವರ ಹೆಸರು ಉಳಿಯುತ್ತದೆ, ರಾತ್ರಿಯೆಲ್ಲ ತಮಟೆ ಬಡಿದವರದು ಉಳಿಯುವುದಿಲ್ಲ. ಹಳೆಯ ಕಟ್ಟಿನ ಬಲದೊಂದಿಗೆ ಅದರ ಈ ಕೊರತೆಯೂ ಹೊಸ ಕಟ್ಟಿಗೆ ಬಂದಿದೆ.

ಜಾನಪದ ಸಂಶೋಧಕರ ಮುಂದೆ ಹೀಗಾಗಿ ತುರ್ತಾದ ಎರಡು ಕೆಲಸಗಳಿವೆ. ಲಸಿಕಾ ಕಾರ್ಯಕರ್ತೆಯರ ಅನುಭವ ಕಥನಗಳನ್ನು, ಅವರು ಮನೆಬಾಗಿಲಲ್ಲಿ ಎದುರಿಸಿದ ಪ್ರಶ್ನೆ, ವದಂತಿ, ಒಪ್ಪಿಸಲು ಬಳಸಿದ ಮಾತು, ಗಾದೆಗಳನ್ನು ಸಂಗ್ರಹಿಸುವುದು ಮೊದಲನೆಯದು. ಮೊದಲ ಸುತ್ತುಗಳಲ್ಲಿ ದುಡಿದವರಲ್ಲಿ ಬಹುಮಂದಿ ಈಗ ನಿವೃತ್ತರು. ಪೋಲಿಯೊ ತಗುಲಿಯೂ ಬದುಕಿ ಬಾಳಿದವರ ಮತ್ತು ಅವರ ತಾಯಂದಿರ ನೆನಪುಗಳನ್ನು ದಾಖಲಿಸುವುದು ಎರಡನೆಯದು. 'ಕುಂಟ' ಎಂಬ ಅಡ್ಡಹೆಸರನ್ನು ಹೊತ್ತು ಬೆಳೆದ ಆ ತಲೆಮಾರು ನಾಡಿನಲ್ಲಿ ಈ ಬೇನೆಯನ್ನು ಮೈಯಲ್ಲಿ ಬಲ್ಲ ಕೊನೆಯ ತಲೆಮಾರು. ಗ್ರಹಣ ಕಂಡೆನೆಂಬ ತಪ್ಪನ್ನು ಜೀವಮಾನವಿಡೀ ಹೊತ್ತ ತಾಯಂದಿರಿಗೆ, ಆ ಬೇನೆ ಅವರ ಮನೆಯದಾಗಿರಲಿಲ್ಲ, ಊರಿನದಾಗಿತ್ತು ಎಂಬ ತಿಳಿವಳಿಕೆ ಬರುವ ಹೊತ್ತಿಗೆ ಬಹಳ ತಡವಾಗಿತ್ತು.

ಸಮಾರೋಪ

ಸಿಡುಬು, ಪ್ಲೇಗುಗಳಂತೆ ಎಲ್ಲರ ಕಣ್ಣಿಗೆ ಬೀಳದ ಕಾರಣ ಪೋಲಿಯೊ ಜನಪದ ಆರೋಗ್ಯ ಪರಂಪರೆಯಲ್ಲಿ ಊರಬೇನೆಯ ಸ್ಥಾನ ಪಡೆಯಲಿಲ್ಲ. ಅದರ ಹೊರೆ ಒಂಟಿ ಮನೆಗಳ ಮೇಲೆ ಬಿತ್ತು. ಪಲ್ಸ್ ಪೋಲಿಯೊ ಕಾರ್ಯಕ್ರಮವು ಆ ಬೇನೆಗೆ ಊರೊಟ್ಟಿನ ದಿನವೊಂದನ್ನು ಗೊತ್ತುಮಾಡಿತು. ಲಸಿಕೆಯನ್ನೂ ಸಿಬ್ಬಂದಿಯನ್ನೂ ಸರ್ಕಾರ ಒದಗಿಸಿದರೆ, ಆ ದಿನಕ್ಕೆ ಸಾರುವಿಕೆ, ವಂತಿಕೆ, ಗಣ್ಯರ ಸಾಕ್ಷ್ಯ ಮತ್ತು ಸಂಭ್ರಮಗಳನ್ನು ಕೂಡಿಸುವುದರಲ್ಲಿ ರೋಟರಿಯ ಪಾಲು ದೊಡ್ಡದು. ಮನೆ ತಪ್ಪದಂತೆ ನಡೆದವರು ಕಾರ್ಯಕರ್ತೆಯರು. ಈ ಮೂರೂ ಒಂದಾಗಿ, ಜನರಿಗೆ ಮೊದಲೇ ಗೊತ್ತಿದ್ದ ಕ್ರಮವೊಂದನ್ನು ಹಿಡಿದುದರಿಂದ ಕಾರ್ಯ ಸಾಧ್ಯವಾಯಿತು. ಮೇಟಗಳ್ಳಿಯಂತಹ ಬೆಳೆಯುತ್ತಿರುವ ಊರುಗಳಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲದ ಬಿಡಾರಗಳನ್ನೂ ಊರಿನ ಮನೆಗಳೆಂದೇ ಎಣಿಸುವವರೆಗೆ ಆ ದಿನದ ಅಗತ್ಯ ಮುಗಿಯುವುದಿಲ್ಲ.